ಮುಧೋಳ ಮರಿ ಮನೆಗೆ ಬರುತ್ತಿದೆ, ತರಬೇತಿಗೆ ಮೊದಲು ಏನೇನು ಕೊಳ್ಳಬೇಕು?

ಉಣಕಲ್_ಕೆರೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ನಮ್ಮ ಮನೆಗೆ ಮುಧೋಳ ಮರಿ ಬರುತ್ತಿದೆ. ಹೆಣ್ಣು. ಅಷ್ಟೊತ್ತಿಗೆ ಎರಡು ತಿಂಗಳು ತುಂಬಿರುತ್ತದೆ. ಹುಬ್ಬಳ್ಳಿಯಲ್ಲಿ ಸ್ವಂತ ಮನೆ, ಮುಂದೆ ಸಣ್ಣ ಅಂಗಳ, ಸುತ್ತ ಕಾಂಪೌಂಡ್. ಮನೆಯಲ್ಲಿ ನಾನು, ಹೆಂಡತಿ, ಏಳನೇ ಕ್ಲಾಸ್ ಓದುವ ಮಗಳು, ಅಮ್ಮ. ನಾಯಿ ಸಾಕುವುದು ನಮಗೆಲ್ಲ ಹೊಸದು.

ಅಂಗಡಿಗೆ ಹೋಗಿ ಕೇಳಿದೆ. ಸ್ಟೀಲ್ ಚೈನ್, ಚೋಕ್ ಚೈನ್, ಎಳೆದರೆ ಉದ್ದ ಆಗುವ, ಗುಂಡಿ ಒತ್ತಿದರೆ ನಿಲ್ಲುವ ಲೀಶ್, ಬಾಯಿಕುಕ್ಕೆ, ಕಬ್ಬಿಣದ ದೊಡ್ಡ ಪಂಜರ, ಬಣ್ಣಬಣ್ಣದ ಆಟಿಕೆ, ಎಲ್ಲ ತಂದು ಮುಂದೆ ಇಟ್ಟರು. ಲೆಕ್ಕ ಹಾಕಿದರೆ ಆರು ಸಾವಿರ ದಾಟಿತು. ಏನೂ ಕೊಳ್ಳದೆ ವಾಪಸ್ ಬಂದೆ. ದುಡ್ಡಿನ ಮಾತಲ್ಲ, ಬೇಕಾದದ್ದಕ್ಕೆ ಖರ್ಚು ಮಾಡೋಣ. ಆದರೆ ಯಾವುದು ಬೇಕು, ಯಾವುದು ಬೇಡ ಅನ್ನುವುದೇ ಗೊತ್ತಾಗುತ್ತಿಲ್ಲ. ತಿಳಿದವರು ಹೇಳಿ.

ಬನಶಂಕರಿ_ಸೀಟಿ

ಕೊಳ್ಳದೆ ಬಂದದ್ದು ಒಳ್ಳೆಯದಾಯಿತು ಸರ್. ಮರಿ ಬರುವ ದಿನ ಮನೆಯಲ್ಲಿ ಇರಬೇಕಾದದ್ದು ಬಹಳ ಕಡಿಮೆ. ಹಗುರವಾದ ನೈಲಾನ್ ಕಾಲರ್, ಐದಾರು ಅಡಿ ಉದ್ದದ ಬಟ್ಟೆಯ ಲೀಶ್, ಮೈಗೆ ಹಾಕುವ ಹಾರ್ನೆಸ್, ಕಡಿಯಲು ಒಂದೆರಡು ರಬ್ಬರ್ ಆಟಿಕೆ, ಮಲಗಲು ಮೆತ್ತನೆ ಜಾಗ, ತಿಂಡಿ ಇಟ್ಟುಕೊಳ್ಳಲು ಸೊಂಟದ ಚೀಲ. ಕಾಲರ್‌ಗೆ ನಿಮ್ಮ ಫೋನ್ ನಂಬರ್ ಕೆತ್ತಿಸಿದ ಬಿಲ್ಲೆ ಒಂದು ಇರಲಿ.

ಚೋಕ್ ಚೈನ್, ಗುಂಡಿ ಲೀಶ್ ಎರಡನ್ನೂ ಅಂಗಡಿಯಲ್ಲೇ ಬಿಡಿ. ಗುಂಡಿ ಲೀಶ್ ಯಾವಾಗಲೂ ಬಿಗಿಯಾಗಿ ಎಳೆದುಕೊಂಡೇ ಇರುತ್ತದೆ. ಎಳೆದರೆ ಹಗ್ಗ ಉದ್ದ ಆಗುತ್ತದೆ, ಮುಂದೆ ಹೋಗಬಹುದು ಅಂತ ಮರಿ ಕಲಿತುಬಿಡುತ್ತದೆ. ಅದರ ಪ್ಲಾಸ್ಟಿಕ್ ಹಿಡಿ ಕೈಜಾರಿ ಬಿದ್ದರೆ ಇನ್ನೊಂದು ಕಷ್ಟ. ಓಡುವ ಮರಿಯ ಹಿಂದೆಯೇ ಅದು ಲಟಪಟ ಬಡಿದುಕೊಂಡು ಬರುತ್ತದೆ. ಮರಿ ಹೆದರಿ ಇನ್ನೂ ಜೋರಾಗಿ ಓಡುತ್ತದೆ.

ಮುಧೋಳಕ್ಕೆ ಕಾಲರ್ ವಿಷಯವೇ ಬೇರೆ. ಅದನ್ನು ಸಾಕಿದವರು ಹೇಳಿದರೆ ಚೆನ್ನ.

ಘಟಪ್ರಭೆ_ದಂಡೆ

ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಈ ನಾಯಿಗಳಿವೆ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರವೂ ನಮಗೆ ಹತ್ತಿರ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಮುಧೋಳದ ತಲೆ ನೋಡಿದ್ದೀರಲ್ಲ? ಉದ್ದ, ಕಿರಿದು. ಕುತ್ತಿಗೆ ಉದ್ದ, ಗಟ್ಟಿ. ತಲೆಯ ಸುತ್ತಳತೆಗೂ ಕುತ್ತಿಗೆಯ ಸುತ್ತಳತೆಗೂ ಹೆಚ್ಚು ಫರಕು ಇರುವುದಿಲ್ಲ. ಲ್ಯಾಬ್ರಡಾರ್ ಕೊರಳಲ್ಲಿ ಸರಿಯಾಗಿ ನಿಲ್ಲುವ ಕಾಲರ್ ಇದರ ಕೊರಳಲ್ಲಿ ನಿಲ್ಲುವುದಿಲ್ಲ. ರಸ್ತೆಯಲ್ಲಿ ಒಂದು ಬೈಕು ಸದ್ದು ಮಾಡಿಕೊಂಡು ಹೋಯಿತು ಅನ್ನಿ. ಹೆದರಿದ ಮರಿ ಮುಂದೆ ಓಡುವುದಿಲ್ಲ, ಹಿಂದಕ್ಕೆ ಸರಿಯುತ್ತದೆ. ಮುಂಗಾಲು ಊರಿ, ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ ಒಮ್ಮೆ ಜಗ್ಗುತ್ತದೆ. ಕಾಲರ್ ಕಿವಿಯ ಮೇಲಿಂದ ಸರ್ರನೆ ಜಾರಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಮರಿ ರಸ್ತೆಯ ಮೇಲೆ ಇರುತ್ತದೆ. ಎರಡು ತಿಂಗಳ ಮರಿಯನ್ನಾದರೂ ಓಡಿ ಹಿಡಿಯಬಹುದು. ಬೆಳೆದ ಮುಧೋಳ ಕೈಬಿಟ್ಟು ಓಡಿದರೆ ಯಾರಿಂದಲೂ ಹಿಡಿಯಲು ಆಗುವುದಿಲ್ಲ. ಮೊಲದ ಹಿಂದೆ ಓಡಲೆಂದೇ ಬೆಳೆಸಿದ ತಳಿ ಅದು.

ಅದಕ್ಕೇ ಮಾರ್ಟಿಂಗೇಲ್ ಕಾಲರ್ ಅಂತ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಎರಡು ಸುತ್ತು ಇರುತ್ತದೆ. ದೊಡ್ಡ ಸುತ್ತು ಕೊರಳಿಗೆ, ಸಣ್ಣ ಸುತ್ತಿಗೆ ಲೀಶ್. ನಾಯಿ ಎಳೆದಾಗ ಸಣ್ಣ ಸುತ್ತು ದೊಡ್ಡದನ್ನು ಬಿಗಿ ಮಾಡುತ್ತದೆ. ಆದರೆ ಒಂದು ಹಂತಕ್ಕೆ ನಿಂತುಬಿಡುತ್ತದೆ, ಅದಕ್ಕಿಂತ ಬಿಗಿಯುವುದಿಲ್ಲ. ಚೋಕ್ ಚೈನ್‌ಗೆ ಆ ತಡೆ ಇಲ್ಲ, ಎಳೆದಷ್ಟೂ ಬಿಗಿಯುತ್ತಲೇ ಹೋಗುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣಿಸಬಹುದು, ಕೆಲಸ ಮಾತ್ರ ಬೇರೆ. ಅಳತೆ ಸರಿ ಇದೆಯಾ ಅಂತ ನೋಡುವುದು ಸುಲಭ. ಲೀಶ್ ಎಳೆದು ಪೂರ್ತಿ ಬಿಗಿ ಮಾಡಿದಾಗ ಎರಡು ಉಂಗುರಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿದಿರಬೇಕು. ಉಂಗುರಗಳು ಒಂದಕ್ಕೊಂದು ತಾಗಿದರೆ ಕಾಲರ್ ಸಡಿಲ ಅಂತ ಅರ್ಥ, ತಲೆ ಹೊರಗೆ ಬರುತ್ತದೆ.

ಇದನ್ನು ತಿರುಗಾಡಲು ಹೋಗುವಾಗ ಮಾತ್ರ ಹಾಕಿ. ಮನೆಗೆ ಬಂದಮೇಲೆ ಬಿಚ್ಚಿಡಿ. ಸಣ್ಣ ಸುತ್ತು ಗೇಟಿನ ಕಂಬಿಗೋ ಪಂಜರದ ತಂತಿಗೋ ಸಿಕ್ಕಿಕೊಂಡರೆ ಅಪಾಯ. ಮನೆಯೊಳಗೆ ಬಿಲ್ಲೆ ಇರುವ ಮಾಮೂಲಿ ಕಾಲರ್ ಸಾಕು.

ನಿಮ್ಮ ಮರಿ ತೀರಾ ಚಿಕ್ಕದು. ಮೂರ್ನಾಲ್ಕು ತಿಂಗಳವರೆಗೆ ಹಾರ್ನೆಸ್‌ಗೆ ಲೀಶ್ ಹಾಕಿ ನಡೆಸಿ. ಅದರಲ್ಲೂ ಒಂದು ಮಾತು. ಮುಧೋಳಕ್ಕೆ ಎದೆ ಆಳ, ಸೊಂಟ ಸಣ್ಣ. ಮಾಮೂಲಿ ಹಾರ್ನೆಸ್‌ನಿಂದಲೂ ಹಿಂದಕ್ಕೆ ಜಾರಿ ಹೊರಗೆ ಬರುತ್ತದೆ. ಎದೆಯ ಹಿಂದೆ, ಸೊಂಟದ ಹತ್ತಿರ ಇನ್ನೊಂದು ಪಟ್ಟಿ ಇರುವ ಹಾರ್ನೆಸ್ ಸಿಗುತ್ತದೆ, ಅದು ಒಳ್ಳೆಯದು. ಮುಂದಿನಿಂದ ನೋಡಿದರೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕಾಣಬೇಕು. ಎದೆಗೆ ಅಡ್ಡಲಾಗಿ ಒಂದೇ ಪಟ್ಟಿ ಇರುವುದು ಬೇಡ, ಭುಜ ಆಡಿಸಲು ತಡೆ ಆಗುತ್ತದೆ.

ಇನ್ನು ಹಾಸಿಗೆ. ಈ ನಾಯಿಗೆ ಮೈಮೇಲೆ ಕೊಬ್ಬು ಇಲ್ಲ, ಎಲುಬು ಎದ್ದು ಕಾಣುತ್ತದೆ. ಬರೀ ನೆಲದ ಮೇಲೆ ಮಲಗಿದರೆ ಮೊಣಕೈಗೆ ಜಡ್ಡು ಕಟ್ಟುತ್ತದೆ. ಅಂಗಡಿಯ ಹಾಸಿಗೆ ಬೇಡ. ಅಮ್ಮನ ಹತ್ತಿರ ಹಳೇ ಕೌದಿ ಇದ್ದೇ ಇರುತ್ತದೆ. ನಾಲ್ಕು ಮಡಿಕೆ ಮಾಡಿ ಹಾಕಿ.

ಜೋಳದ_ಹೊಲ

ನಾವು ಹೊಲದ ಮನೆಯಲ್ಲಿ ಚೈನ್ ಹಾಕಿಯೇ ನಾಯಿ ಸಾಕಿದ್ದೇವೆ ರೀ. ಬಟ್ಟೆ ಹಗ್ಗ ಕಟ್ಟಿದರೆ ಬೆಳಗಾಗುವುದರೊಳಗೆ ಕಡಿದು ತುಂಡು ಮಾಡಿರುತ್ತವೆ. ಚೈನ್ ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ನಾಯಿ ಹದ್ದುಬಸ್ತಿನಲ್ಲಿ ಇರುತ್ತದೆ. ಇಷ್ಟೆಲ್ಲ ಸಾಮಾನು ಯಾಕೆ ಬೇಕು ಅಂತ ನನಗೆ ಅರ್ಥ ಆಗುತ್ತಿಲ್ಲ.

ಪಶುವೈದ್ಯೆ_ಬೀದರ್

ಕಾಕಾ, ನೀವು ಹೇಳಿದ ಕಷ್ಟ ನಿಜ. ಮರಿ ಹಗ್ಗ ಕಡಿಯುತ್ತದೆ. ಆದರೆ ಕಡಿಯುವುದು ರಾತ್ರಿಯಿಡೀ ಕಟ್ಟಿಹಾಕಿದಾಗ. ಲೀಶ್ ಇರುವುದು ಕೈಯಲ್ಲಿ ಹಿಡಿದು ನಡೆಯಲು, ಕಟ್ಟಿಹಾಕಲು ಬೇರೆ ವ್ಯವಸ್ಥೆ ಬೇಕು. ಅದನ್ನು ಬೇರೆಯವರು ಹೇಳುತ್ತಾರೆ.

ಚೈನ್ ಭಾರ. ಎರಡು ತಿಂಗಳ ಮರಿ ನಾಲ್ಕೈದು ಕೆಜಿ ಇರುತ್ತದೆ. ಅದರ ಕೊರಳಿಗೆ ಸ್ಟೀಲ್ ಚೈನ್ ಜೋತು ಬಿದ್ದರೆ ತಲೆ ಎತ್ತಿ ನಡೆಯುವುದೂ ಕಷ್ಟ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು. ಅದರ 11ನೇ ಕಲಮಿನಲ್ಲಿ, ತೀರಾ ಗಿಡ್ಡ ಅಥವಾ ತೀರಾ ಭಾರದ ಚೈನಿನಲ್ಲಿ ಬಹಳ ಹೊತ್ತು ಕಟ್ಟಿಹಾಕುವುದನ್ನು ಹಿಂಸೆ ಅಂತಲೇ ಬರೆದಿದೆ. ಯಾವಾಗಲೂ ಕಟ್ಟಿಹಾಕಿದ ನಾಯಿಗೆ ಓಡಾಟ ಮಾಡಿಸದೆ ಇರುವುದೂ ಅದೇ ಕಲಮಿನಲ್ಲಿ ಬರುತ್ತದೆ. ಕಾನೂನು ಹೆದರಿಕೆಗೆ ಹೇಳುತ್ತಿಲ್ಲ. ಸದಾ ಕಟ್ಟಿದ ನಾಯಿ ಹದ್ದುಬಸ್ತಿನಲ್ಲಿ ಇರುವುದಿಲ್ಲ, ಬಂದವರ ಮೇಲೆಲ್ಲ ಎಗರುವುದನ್ನು ಕಲಿಯುತ್ತದೆ. ಕಚ್ಚಿಸಿಕೊಂಡವರು ಆಸ್ಪತ್ರೆಗೆ ಬರುವುದನ್ನು ನೋಡುತ್ತಲೇ ಇರುತ್ತೇವೆ.

ಕೊರಳ ಮೇಲೆ ಎಳೆತ ಬಿದ್ದರೆ ಶ್ವಾಸನಾಳಕ್ಕೆ ಪೆಟ್ಟು. ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. 2006ರಲ್ಲಿ ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದರು. ಕಾಲರ್ ಹಾಕಿ ಎಳೆದಾಗ ಒತ್ತಡ ಏರಿತ್ತು, ಹಾರ್ನೆಸ್ ಹಾಕಿ ಎಳೆದಾಗ ಏರಲಿಲ್ಲ. ಬೆಳೆಯುವ ಮರಿಗೆ ನಾನು ಹಾರ್ನೆಸ್ ಹೇಳುವುದು ಅದಕ್ಕೇ.

ಉಣಕಲ್_ಕೆರೆ ಅವರಿಗೆ ಒಂದು ಪ್ರಶ್ನೆ. ಮರಿಗೆ ಎಂಟು ವಾರ ತುಂಬಿರುವುದು ಖಚಿತ ಅಲ್ವಾ? 2017ರ ನಿಯಮದ ಪ್ರಕಾರ ಎಂಟು ವಾರಕ್ಕಿಂತ ಮೊದಲು ಮರಿ ಮಾರುವಂತಿಲ್ಲ. ತಾಯಿ ಜೊತೆ, ಒಡಹುಟ್ಟಿದ ಮರಿಗಳ ಜೊತೆ ಇದ್ದಾಗಲೇ ಎಷ್ಟು ಜೋರಾಗಿ ಕಚ್ಚಬಾರದು ಅನ್ನುವುದನ್ನು ಅವು ಕಲಿಯುವುದು. ಬೇಗ ತಂದರೆ ಆ ಪಾಠ ನಿಮ್ಮ ಕೈಮೇಲೆ ನಡೆಯುತ್ತದೆ.

ಉಣಕಲ್_ಕೆರೆ

ಮೇಡಂ, ಎಂಟು ವಾರ ತುಂಬಿದ ಮೇಲೆಯೇ ತರುವುದು. ಮೊದಲ ಚುಚ್ಚುಮದ್ದು ಅಲ್ಲೇ ಆಗಿರುತ್ತದೆ ಅಂದಿದ್ದಾರೆ.

ಎಲ್ಲರಿಗೂ ಥ್ಯಾಂಕ್ಸ್. ಇನ್ನು ಕೆಲವು ಕೇಳುತ್ತೇನೆ. ಲೀಶ್ ಕಡಿಯದಿರಲಿ ಅಂತ ಖಾರದ ಪುಡಿಯೋ ಬೇವಿನ ಎಣ್ಣೆಯೋ ಹಚ್ಚಿ ಅಂತ ಪಕ್ಕದ ಮನೆಯವರು ಹೇಳಿದರು. ಹಚ್ಚಬಹುದಾ? ಚುಚ್ಚುಮದ್ದು ಪೂರ್ತಿ ಆಗುವವರೆಗೆ ಹೊರಗೆ ಕರೆದುಕೊಂಡು ಹೋಗಬಾರದು ಅಂದರೆ ಲೀಶ್ ಈಗಲೇ ಯಾಕೆ? ಆಮೇಲೆ ಪಂಜರ. ಪಂಜರ ಅನ್ನುವ ಮಾತು ಕೇಳಿದ ತಕ್ಷಣ ನಮ್ಮ ಅಮ್ಮ "ಮನೆಗೆ ತಂದ ಮರೀನ ಜೈಲಿಗೆ ಹಾಕ್ತೀರಾ?" ಅಂತ ಬೇಜಾರು ಮಾಡಿಕೊಂಡಿದ್ದಾರೆ.

ಪಶುವೈದ್ಯೆ_ಬೀದರ್

ಖಾರದ ಪುಡಿ ಬೇಡ. ಪಂಜದಿಂದ ಕಣ್ಣು ಉಜ್ಜಿಕೊಂಡರೆ ಪಾಪ ಒದ್ದಾಡುತ್ತದೆ. ಬೇವಿನ ಎಣ್ಣೆ ಹೊಟ್ಟೆಗೆ ಹೋದರೆ ವಾಂತಿ ಆಗಬಹುದು, ಅದೂ ಬೇಡ. ಮರಿಗೆ ಹಾಲುಹಲ್ಲು 28 ಇರುತ್ತವೆ. ಮೂರೂವರೆ ನಾಲ್ಕು ತಿಂಗಳಿಗೆ ಅವು ಬಿದ್ದು 42 ಹಲ್ಲು ಬರಲು ಶುರುವಾಗುತ್ತದೆ. ಆರೇಳು ತಿಂಗಳವರೆಗೆ ಒಸಡು ನವೆ, ನೋವು. ಕಡಿಯುವುದು ಅದರ ಅವಶ್ಯಕತೆ. ಲೀಶ್ ಬಾಯಿಗೆ ಹಾಕಿಕೊಂಡರೆ ಕಿತ್ತುಕೊಳ್ಳಬೇಡಿ, ಎಳೆದಾಟ ಆಗಿಬಿಡುತ್ತದೆ. ಕೈಯಲ್ಲಿ ಒಂದು ಆಟಿಕೆ ಇಟ್ಟುಕೊಂಡು ಅದನ್ನು ಕೊಡಿ. ಒದ್ದೆ ಬಟ್ಟೆಯನ್ನು ಹಗ್ಗದ ಥರ ಹೊಸೆದು ಫ್ರೀಜರಿನಲ್ಲಿಟ್ಟು ಕೊಟ್ಟರೆ ಒಸಡಿಗೆ ಹಿತ. ನೀವು ಎದುರಿಗೇ ಕೂತಿರಬೇಕು, ಬಟ್ಟೆ ನುಂಗಬಾರದು. ಬೇಯಿಸಿದ ಮೂಳೆ ಯಾವತ್ತೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಹೊರಗೆ ಹೋಗುವ ಮಾತು. ಮರಿಗಳಿಗೆ ಜೋರು ವಾಂತಿಭೇದಿ ತರುವ ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹಾಗಾಗಿ ಬೀದಿ ನಾಯಿಗಳು ಓಡಾಡುವ ನೆಲದಲ್ಲಿ ಈಗ ಇಳಿಸಬೇಡಿ. ಚುಚ್ಚುಮದ್ದು ಮೂರ್ನಾಲ್ಕು ವಾರಕ್ಕೊಮ್ಮೆ, 16 ವಾರದವರೆಗೆ ನಡೆಯುತ್ತದೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಆದರೆ ಲೋಕ ನೋಡಿ ಕಲಿಯುವ ವಯಸ್ಸು ಮೂರು ಮೂರೂವರೆ ತಿಂಗಳಿಗೇ ಮುಗಿಯುತ್ತ ಬರುತ್ತದೆ. ಅದಕ್ಕೇ ಎತ್ತಿಕೊಂಡು ಹೋಗಿ. ಸಂತೆಯ ಗದ್ದಲ, ಆಟೋ, ಶಾಲೆ ಬಿಡುವ ಹೊತ್ತಿನ ಮಕ್ಕಳು, ಕುಕ್ಕರ್ ಸೀಟಿ, ಎಲ್ಲ ನೋಡಲಿ, ಕೇಳಲಿ. ತೋಳಿನಲ್ಲಿದ್ದರೂ ಹಾರ್ನೆಸ್ ಮತ್ತು ಲೀಶ್ ಹಾಕಿರಬೇಕು, ಲೀಶ್ ನಿಮ್ಮ ಮಣಿಕಟ್ಟಿಗೆ ಇರಬೇಕು. ಹೆದರಿ ನೆಗೆದರೆ ಕೆಳಗೆ ಬೀಳಬಾರದು, ಓಡಬಾರದು. ಲೀಶ್ ಈಗಲೇ ಬೇಕು ಅನ್ನುವುದು ಇದಕ್ಕೆ.

ಕುಡ್ಲ_ಕಡಲು

ಅಮ್ಮನವರ ಮಾತು ಸರಿ. ಬಾಗಿಲು ಹಾಕಿ ಒಳಗೆ ತಳ್ಳಿದರೆ ಅದು ಜೈಲೇ. ಬಾಗಿಲು ತೆಗೆದಿಟ್ಟು, ಒಳಗೆ ಊಟದ ಬಟ್ಟಲು ಇಟ್ಟು, ಅದೇ ಹೋಗಿ ಬಂದು ಮಾಡುವ ಹಾಗಾದರೆ ಅದರದೇ ಕೋಣೆ. ನಮ್ಮ ಮನೆಯದು ಈಗ ಗುಡುಗು ಬಂದರೆ ತಾನಾಗಿಯೇ ಒಳಗೆ ಹೋಗಿ ಮಲಗುತ್ತದೆ. ಶಿಕ್ಷೆ ಕೊಡಲು ಮಾತ್ರ ಒಂದು ಸಲವೂ ಹಾಕಬೇಡಿ.

ಗಾತ್ರ ಮುಖ್ಯ. ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ ಜಾಗ. ತೀರಾ ದೊಡ್ಡದಾದರೆ ಒಂದು ಮೂಲೆಯಲ್ಲಿ ಉಚ್ಚೆ ಹೊಯ್ದು ಇನ್ನೊಂದು ಮೂಲೆಯಲ್ಲಿ ಮಲಗುತ್ತದೆ. ಮುಧೋಳ ಎತ್ತರ ಬೆಳೆಯುತ್ತದೆ. ಒಳಗೆ ಸರಿಸುವ ತಡಿಕೆ ಇರುವ ತಂತಿ ಪಂಜರ ಕೊಂಡರೆ ಬೆಳೆದಂತೆ ಹಿಂದಕ್ಕೆ ಸರಿಸಬಹುದು. ನಮ್ಮ ಕರಾವಳಿಯ ಸೆಕೆಗೆ ಪ್ಲಾಸ್ಟಿಕ್ ಪೆಟ್ಟಿಗೆ ಆಗುವುದೇ ಇಲ್ಲ, ಹುಬ್ಬಳ್ಳಿಯ ಬೇಸಿಗೆಗೂ ತಂತಿಯದೇ ಒಳ್ಳೆಯದು. ಪಂಜರ ಬೇಡ ಅಂತ ಮನೆಯವರೆಲ್ಲ ಅಂದರೆ ಅಡುಗೆಮನೆ ಬಾಗಿಲಿಗೆ ಅಡ್ಡ ತಡಿಕೆ ಕಟ್ಟಿ. ಕಟ್ಟಿಹಾಕುವ ಅಗತ್ಯವೇ ಬರುವುದಿಲ್ಲ.

ಎರಡು ತಿಂಗಳ ಮರಿ ಹಗಲಲ್ಲಿ ಎರಡು ಮೂರು ಗಂಟೆಗಿಂತ ಜಾಸ್ತಿ ತಡೆದುಕೊಳ್ಳುವುದಿಲ್ಲ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಅಂಗಳಕ್ಕೆ ಎತ್ತಿಕೊಂಡು ಹೋಗಿ. ಒಳಗೆ ಹೊಯ್ದರೆ ಬಯ್ಯಬೇಡಿ, ಮೂಗು ಉಜ್ಜಿಸಬೇಡಿ. ಎನ್‌ಜೈಮ್ ಇರುವ ಕ್ಲೀನರ್ ಒಂದು ಬಾಟಲಿ ತಂದಿಡಿ, ಇದಕ್ಕೆ ಮಾತ್ರ ದುಡ್ಡು ನೋಡಬೇಡಿ. ಫಿನಾಯಿಲ್ ಹಾಕಿದರೆ ನಮಗೆ ವಾಸನೆ ಹೋದಂತೆ ಅನಿಸುತ್ತದೆ, ಮರಿಯ ಮೂಗಿಗೆ ಹೋಗಿರುವುದಿಲ್ಲ. ಮತ್ತೆ ಅಲ್ಲೇ ಹೊಯ್ಯುತ್ತದೆ. ಫಿನಾಯಿಲ್ ನೆಲ ತುಳಿದು ಪಂಜ ನೆಕ್ಕಿದರೆ ಅದಕ್ಕೂ ಒಳ್ಳೆಯದಲ್ಲ.

ತಿಂಡಿಗೆ ಬಿಸ್ಕತ್ತು ಬೇಡ, ಬರೀ ಸಕ್ಕರೆ ಮೈದಾ. ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ, ಇಲ್ಲವೇ ಪನೀರ್. ಅರ್ಧ ಕಡಲೆಕಾಳಿನಷ್ಟು ಚೂರು ಮಾಡಿ. ಮರಿ ಎಷ್ಟು ದೊಡ್ಡ ತುಂಡು ಸಿಕ್ಕಿತು ಅಂತ ನೋಡುವುದಿಲ್ಲ, ಎಷ್ಟು ಸಲ ಸಿಕ್ಕಿತು ಅಂತ ನೋಡುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಆಟಿಕೆ ಸಿಗುತ್ತದಲ್ಲ, ಅದರಲ್ಲಿ ಸಪ್ಪೆ ಮೊಸರನ್ನ ತುಂಬಿ ಫ್ರೀಜರಿನಲ್ಲಿಡಿ. ಒಗ್ಗರಣೆ ಹಾಕಿದ್ದು ಬೇಡವೇ ಬೇಡ. ಅರ್ಧ ಗಂಟೆ ಸದ್ದಿಲ್ಲದೆ ನೆಕ್ಕುತ್ತ ಕೂರುತ್ತದೆ. ಮೊದಲ ವಾರ ಪಂಜರದೊಳಗೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಪಶುವೈದ್ಯೆ_ಬೀದರ್

ಕುಡ್ಲದವರು ಹೇಳಿದ್ದಕ್ಕೆ ಸೇರಿಸುತ್ತೇನೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿ ಕೊಡಲೇಬಾರದು. ಪಾಯಸದ ದ್ರಾಕ್ಷಿಯೂ ಸೇರಿ. ಝೈಲಿಟಾಲ್ ಇರುವ ಸಕ್ಕರೆರಹಿತ ಚೂಯಿಂಗ್ ಗಮ್ ಮಗಳ ಬ್ಯಾಗಿನಲ್ಲಿದ್ದರೆ ಎತ್ತರದಲ್ಲಿಡಿ, ನಾಯಿಗೆ ಅದು ವಿಷ. ದಿನದ ಆಹಾರದಲ್ಲಿ ತಿಂಡಿ ಹತ್ತರಲ್ಲಿ ಒಂದು ಪಾಲು ಮೀರದಿರಲಿ.

ಬನಶಂಕರಿ_ಸೀಟಿ

ಈಗ ಕಲಿಸುವ ಸಾಮಾನಿಗೆ ಬರೋಣ. ಕ್ಲಿಕ್ಕರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ಒತ್ತಿದರೆ ಟಿಕ್ ಅನ್ನುತ್ತದೆ. ಮರಿ ಕುಂಡೆ ಊರಿ ಕೂತ ಆ ಕ್ಷಣಕ್ಕೇ ಟಿಕ್, ತಕ್ಷಣ ಒಂದು ಚೂರು. "ಹಾಂ, ಇದೇ ಸರಿ" ಅನ್ನುವುದು ಮರಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅಂಗಡಿಯ ಕ್ಲಿಕ್ಕರ್ ಬೇಕೇ ಬೇಕು ಅಂತಿಲ್ಲ. ಮಗಳ ಬಾಲ್‌ಪೆನ್ನಿನ ಗುಂಡಿಯೂ ಅದೇ ಸದ್ದು ಮಾಡುತ್ತದೆ. ಬಾಯಲ್ಲಿ "ಶಭಾಷ್" ಅಂದರೂ ನಡೆಯುತ್ತದೆ, ಮನೆಯವರೆಲ್ಲ ಒಂದೇ ಮಾತು ಬಳಸಬೇಕು ಅಷ್ಟೇ. ಅಮ್ಮ "ಕೂತ್ಕೋ", ನೀವು "ಸಿಟ್", ಮಗಳು "ಸಿಟ್ ಡೌನ್" ಅಂದರೆ ಪಾಪ, ಮರಿ ಯಾವುದನ್ನು ಕಲಿಯಬೇಕು?

ಹಾರ್ನೆಸ್ ಹಾಕುವುದನ್ನೂ ಕಲಿಸಬೇಕು. ಮೊದಲ ದಿನವೇ ಹಿಡಿದು ತಲೆಗೆ ತೂರಿಸಿದರೆ ಆಮೇಲೆ ಹಾರ್ನೆಸ್ ಕಂಡರೆ ಮಂಚದ ಕೆಳಗೆ ಓಡುತ್ತದೆ. ನೆಲದ ಮೇಲೆ ಇಟ್ಟು ಮೂಸಲು ಬಿಡಿ, ಚೂರು ಕೊಡಿ. ಆಮೇಲೆ ಒಂದು ಕೈಯಲ್ಲಿ ಹಾರ್ನೆಸ್‌ನ ತೂತು ಹಿಡಿದು, ಇನ್ನೊಂದು ಕೈಯಲ್ಲಿ ಆ ತೂತಿನ ಆಚೆ ಬದಿಯಿಂದ ಕೋಳಿ ಚೂರು ತೋರಿಸಿ. ಮೂಗು ಬರುತ್ತದೆ, ಕೊಡಿ. ಮುಂದಿನ ಸಲ ಚೂರು ಸ್ವಲ್ಪ ಹಿಂದಕ್ಕೆ. ಕಿವಿವರೆಗೆ ಬರುತ್ತದೆ, ಕೊಡಿ. ತಲೆ ಪೂರ್ತಿ ತಾನಾಗಿ ತೂರಿಸಿದ ಮೇಲೆ ಕೊಕ್ಕೆ ಹಾಕಿ. ಕೊಕ್ಕೆಯ ಟಕ್ ಸದ್ದಿಗೂ ಕೆಲವು ಮರಿಗಳು ಬೆಚ್ಚುತ್ತವೆ. ದೂರದಲ್ಲಿ ಅದನ್ನು ಹಾಕಿ ತೆಗೆದು ಮಾಡಿ, ಚೂರು ಕೊಡುತ್ತ ರೂಢಿ ಮಾಡಿಸಿ.

ನಾಲ್ಕೈದು ತಿಂಗಳಾದಾಗ ಹತ್ತು ಮೀಟರ್ ಉದ್ದದ ಹಗುರ ಹಗ್ಗ ಒಂದು ಬೇಕು. ಮುಧೋಳಕ್ಕೆ ಇದು ಎಲ್ಲಕ್ಕಿಂತ ಮುಖ್ಯ ಅಂತ ನಾನು ಹೇಳುತ್ತೇನೆ. ಕರೆದರೆ ಬರುವುದನ್ನು ಬಯಲಿನಲ್ಲಿ ಕಲಿಸಲು ಬೇರೆ ದಾರಿ ಇಲ್ಲ. ಹಾರ್ನೆಸ್‌ಗೆ ಮಾತ್ರ ಕಟ್ಟಬೇಕು, ಕೊರಳಿಗೆ ಕಟ್ಟಬಾರದು. ಹತ್ತು ಮೀಟರ್ ಓಡಿ ಒಮ್ಮೆಲೇ ಜಗ್ಗಿದರೆ ಕುತ್ತಿಗೆ ಉಳುಕುತ್ತದೆ. ಹಗ್ಗವನ್ನು ಅಂಗೈಗೆ ಸುತ್ತಿಕೊಳ್ಳಬೇಡಿ. ಜೊತೆಗೆ ಒಂದು ಸೀಟಿ. ಮನೆಯಲ್ಲಿ ಊಟ ಹಾಕುವಾಗಲೆಲ್ಲ ಎರಡು ಸಲ ಊದಿ. ಮನುಷ್ಯನ ದನಿಯಲ್ಲಿ ಸಿಟ್ಟು ಬರುತ್ತದೆ, ಗಾಬರಿ ಬರುತ್ತದೆ. ಸೀಟಿ ಯಾರು ಊದಿದರೂ ಒಂದೇ.

ಬಾಯಿಕುಕ್ಕೆ ಈಗ ಬೇಡ. ಮುಂದೆ ಡಾಕ್ಟರ ಹತ್ತಿರ ಬೇಕಾಗಬಹುದು. ಆಗ ಬುಟ್ಟಿಯ ಥರದ್ದು ತನ್ನಿ, ಒಳಗೆ ಬಾಯಿ ತೆರೆದು ಏದುಸಿರು ಬಿಡಲು ಆಗಬೇಕು. ನಾಯಿ ಮೈ ತಣ್ಣಗಾಗುವುದೇ ಹಾಗೆ. ಬಾಯಿ ಬಿಗಿದು ಕಟ್ಟುವ ಬಟ್ಟೆಯದು ಬಿಸಿಲಿನಲ್ಲಿ ಪ್ರಾಣಕ್ಕೇ ಅಪಾಯ. ಬೊಗಳುತ್ತದೆ ಅಂತ ಬಾಯಿಗೆ ಕಟ್ಟುವುದಂತೂ ಯಾರೂ ಮಾಡಬೇಡಿ.

ಮಲೆನಾಡ_ಮಳೆ

ಚಿಕ್ಕದೊಂದು ಸೇರಿಸುತ್ತೇನೆ. ಮನೆಯಲ್ಲಿ ನುಣುಪು ಟೈಲ್ಸ್ ಇದ್ದರೆ ಮರಿ ಓಡಾಡುವ ಕಡೆ ಗೋಣಿಚೀಲವೋ ರಬ್ಬರ್ ಮ್ಯಾಟೋ ಹಾಸಿ. ಬೆಳೆಯುವ ಕಾಲು ಜಾರಿದರೆ ಕೀಲಿಗೆ ಒಳ್ಳೆಯದಲ್ಲ. "ಹಾಸಿನ ಮೇಲೆ ಹೋಗಿ ಮಲಗು" ಅಂತ ಕಲಿಸಲೂ ಅದೇ ಆಗುತ್ತದೆ. ಚರ್ಮದ ಬೆಲ್ಟ್ ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ, ನೈಲಾನೇ ವಾಸಿ. ಒದ್ದೆಯಾದರೆ ಬಿಚ್ಚಿ ಒಣಗಿಸಿ, ಕೊರಳಲ್ಲೇ ಬಿಟ್ಟರೆ ಚರ್ಮ ಕೆಂಪಾಗುತ್ತದೆ.

ಜೋಳದ_ಹೊಲ

ಬೀದರಿನ ಮೇಡಂ ಹೇಳಿದ್ದು ಓದಿದೆ ರೀ. ನಮ್ಮದು ಈಗ ದೊಡ್ಡ ನಾಯಿ, ಹಗಲೆಲ್ಲ ಚೈನಿನಲ್ಲೇ ಇರುತ್ತದೆ. ಅಂಗಳಕ್ಕೆ ಬೇಲಿ ಹಾಕಿ ಬಿಟ್ಟರೆ ಮೈಮೇಲೆ ಎಗರುವುದು ಕಡಿಮೆ ಆಗುತ್ತದಾ?

ಪಶುವೈದ್ಯೆ_ಬೀದರ್

ಆಗುತ್ತದೆ ಕಾಕಾ, ಆದರೆ ಬರೀ ಬೇಲಿಯಿಂದ ಆಗುವುದಿಲ್ಲ. ದಿನಾ ಎರಡು ಹೊತ್ತು ಹಾರ್ನೆಸ್ ಹಾಕಿ ಹೊಲದ ಬದುವಿನ ಮೇಲೆ ನಡೆಸಿ. ಮನೆಗೆ ಬರುವವರು ದೂರದಲ್ಲಿ ಕಂಡಾಗಲೇ ಸುಮ್ನೆ ಇದ್ದರೆ ಒಂದು ಚೂರು ಕೊಡಿ. ದೊಡ್ಡ ನಾಯಿಯೂ ಕಲಿಯುತ್ತದೆ, ಸಮಯ ಜಾಸ್ತಿ ಬೇಕು. ಅಲ್ಲಿಯವರೆಗೆ ಬಂದವರನ್ನು ಹತ್ತಿರ ಬಿಡಬೇಡಿ.

ಉಣಕಲ್_ಕೆರೆ

ಇವತ್ತು ಮತ್ತೆ ಅಂಗಡಿಗೆ ಹೋಗುತ್ತೇನೆ. ಲೀಶ್, ಮನೆಯೊಳಗಿನ ಕಾಲರ್, ಟೊಳ್ಳು ಆಟಿಕೆ, ಕ್ಲೀನರ್. ಹಾರ್ನೆಸ್‌ಗೆ ಮಾತ್ರ ಅಳತೆ ಬೇಕಂತೆ. ಮರಿ ಇನ್ನೂ ಮನೆಗೆ ಬಂದಿಲ್ಲ, ಅಳತೆ ಹೇಗೆ ತೆಗೆಯಲಿ?

ಘಟಪ್ರಭೆ_ದಂಡೆ

ಮರಿ ಇರುವ ಮನೆಯವರಿಗೆ ಫೋನ್ ಮಾಡಿ. ಒಂದು ದಾರ ತೆಗೆದುಕೊಂಡು ಮುಂಗಾಲಿನ ಹಿಂದೆ, ಎದೆ ಎಲ್ಲಿ ಅತಿ ದಪ್ಪ ಇದೆಯೋ ಅಲ್ಲಿ ಸುತ್ತಿ, ಸ್ಕೇಲಿನಲ್ಲಿ ಅಳೆದು ಹೇಳಲಿ. ಕುತ್ತಿಗೆಯ ಬುಡದ ಅಳತೆಯೂ ಬೇಕು. ಮರಿ ನಿಂತಿರಬೇಕು, ಕೂತಾಗ ತೆಗೆದ ಅಳತೆ ತಪ್ಪುತ್ತದೆ. ಆ ಅಳತೆ ಹಾರ್ನೆಸ್‌ನ ಕಡಿಮೆ ಅಳತೆಗೆ ಹತ್ತಿರ ಇರುವುದನ್ನೇ ಆರಿಸಿ, ಬೆಳೆದಂತೆ ಸಡಿಲಿಸಬಹುದು. ಪಟ್ಟಿಯ ಕೆಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು, ಮೂರನೇ ಬೆರಳು ಹೋಗಬಾರದು. ವಾರಕ್ಕೊಮ್ಮೆ ಬೆರಳು ಹಾಕಿ ನೋಡುತ್ತಿರಿ, ಈ ವಯಸ್ಸಿನಲ್ಲಿ ಬೇಗ ಬೆಳೆಯುತ್ತವೆ. ದುಬಾರಿಯದು ಬೇಡ, ಕೆಲವೇ ತಿಂಗಳಿಗೆ ಚಿಕ್ಕದಾಗುತ್ತದೆ. ಮಾರ್ಟಿಂಗೇಲ್ ಕಾಲರ್ ಈಗಲೇ ತರಬೇಡಿ. ನಾಲ್ಕು ತಿಂಗಳಾದಾಗ ತಲೆ, ಕುತ್ತಿಗೆ ಎರಡರ ಅಳತೆಯನ್ನೂ ಇಲ್ಲಿ ಹಾಕಿ, ಯಾವ ಸೈಜ್ ಅಂತ ನಾನು ಹೇಳುತ್ತೇನೆ.